ಕಾಕ್‌ಪಿಟ್‌ನ ಚೂಪು ಅಂಚಿಗೆ ಬೀಡಿಂಗ್ ಹಾಕಿದರೆ ಸಾಕಾ?

ನೀವು ಕೇಳಿದ್ದು ಇಷ್ಟು. ಕುಂಬಳೆ ಹತ್ತಿರದ ಶೆಡ್‌ನಲ್ಲಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದೀರಿ. ಹತ್ತಿ ಇಳಿಯುವಾಗಲೆಲ್ಲ ಕಾಕ್‌ಪಿಟ್‌ನ ಅಂಚು ಕೈಯನ್ನೂ ಮೊಣಕಾಲನ್ನೂ ಕೊಯ್ಯುತ್ತಿದೆ. ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಸಿಕ್ಕಿಸಿ, ಡ್ಯಾಶ್‌ಬೋರ್ಡ್ ಅಂಚಿಗೆ ಒಂದಿಷ್ಟು ಸ್ಪಂಜು ಅಂಟಿಸಿದರೆ ಸಾಕಾ?

ಸಾಕಾಗುವುದಿಲ್ಲ. ಬೀಡಿಂಗ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದು ಕೊನೆಯ ಕೆಲಸ. ಮುಚ್ಚುವ ಮೊದಲು ಆ ಅಂಚು ಬರಿಗೈಯಲ್ಲಿ ಸವರಿದರೂ ಕೊಯ್ಯದ ಹಾಗೆ ಆಗಿರಬೇಕು.

ನಾನು ಹೊಸೂರಿನವನು, ತಗಡಿನ ಕೆಲಸ ನನ್ನ ಕಸುಬು. ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಮುತ್ತ ವಾಹನಗಳ ಬಿಡಿಭಾಗ ಮಾಡುವ ಶೆಡ್‌ಗಳಿಗೆ ಲೆಕ್ಕವಿಲ್ಲ. ಬೆಳಗೊಂಡಪಳ್ಳಿಯಲ್ಲಿ ಸಣ್ಣ ವಿಮಾನಗಳ ರನ್‌ವೇಯೂ ಇದೆ. ಗೆಳೆಯರ ಕಿಟ್ ವಿಮಾನದ (ಬಿಡಿಭಾಗ ತರಿಸಿ ನಾವೇ ಜೋಡಿಸುವಂಥದ್ದು) ಒಳಭಾಗ ಮುಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾರಿಗೆ ಸರಿಹೋಗುವ ಸಾಮಾನೆಲ್ಲ ವಿಮಾನಕ್ಕೆ ಸರಿಹೋಗುವುದಿಲ್ಲ ಅಂತ ಆಗಲೇ ಚೆನ್ನಾಗಿ ತಿಳಿದದ್ದು.

ಕಿಟ್ ವಿಮಾನದ ತಗಡು ಸಾಮಾನ್ಯವಾಗಿ 6061-ಟಿ6 ಇಲ್ಲವೇ 2024-ಟಿ3 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ. ಹೆಚ್ಚಿನ ಕಡೆ ದಪ್ಪ ಅರ್ಧದಿಂದ ಒಂದು ಮಿಲಿಮೀಟರ್, ಅಷ್ಟೇ. ಇಷ್ಟು ತೆಳು ತಗಡನ್ನು ಕತ್ತರಿಸಿದಾಗ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು, ಎದ್ದು ನಿಂತ ಚೂಪು ಮುಳ್ಳು (ಬರ್) ಉಳಿದೇ ಉಳಿಯುತ್ತದೆ. ಕೈ ಕೊಯ್ದಾಗ ಅದು ನಮಗೆ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ಬಿರುಕು. ಎಂಜಿನ್ ನಡುಗಿಸುತ್ತಲೇ ಇರುವ ತಗಡಿನಲ್ಲಿ ಬಿರುಕು ಹುಟ್ಟುವುದು ಇಂಥ ಕಚ್ಚಿನಿಂದಲೇ. ಅದರ ಮೇಲೆ ಬೀಡಿಂಗ್ ಕೂತರೆ ಬಿರುಕು ಬೆಳೆಯುತ್ತಿದ್ದರೂ ಯಾರಿಗೂ ಕಾಣುವುದಿಲ್ಲ.

ಹಾಗಾಗಿ ಮೊದಲು ನಯವಾದ ಅರ ತಗೊಳ್ಳಿ. ಅಂಚಿಗೆ ಅಡ್ಡಲಾಗಿ ಉಜ್ಜಬೇಡಿ, ಉದ್ದಕ್ಕೆ ಎಳೆಯಿರಿ. ಉಳಿಯುವ ಗೆರೆಗಳು ಅಂಚಿನ ಗುಂಟವೇ ಇರಬೇಕು. ಆಮೇಲೆ 400 ನಂಬರಿನ ಸ್ಯಾಂಡ್ ಪೇಪರ್, ಕೊನೆಗೆ 600. ತಗಡಿನ ಎರಡೂ ಬದಿಯ ಚೂಪು ಹೋಗಿ ದುಂಡಗಾಗಬೇಕು. ಒಳಮೂಲೆಗಳಲ್ಲಿ ಒತ್ತಡ ಜಾಸ್ತಿ. ಅಲ್ಲಿ ದುಂಡು ಅರ ಬಳಸಿ, ನಿಧಾನಕ್ಕೆ ಮಾಡಿ. ಕಬ್ಬಿಣದ ಬ್ರಷ್, ಸ್ಟೀಲ್ ವುಲ್ ಬೇಡವೇ ಬೇಡ. ಅವುಗಳ ಚೂರು ಅಲ್ಯೂಮಿನಿಯಂನಲ್ಲಿ ಕಚ್ಚಿಕೊಂಡು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಮುಗಿಯಿತು ಅನ್ನಿಸಿದಾಗ ಹತ್ತಿಯ ಉಂಡೆಯೊಂದನ್ನು ಅಂಚಿನುದ್ದಕ್ಕೂ ಸವರಿ. ಎಳೆ ಸಿಕ್ಕಿಕೊಂಡ ಕಡೆ ಬರ್ ಇನ್ನೂ ಇದೆ.

ಉಜ್ಜುವ ಹುಮ್ಮಸ್ಸಿನಲ್ಲಿ ಜಾಸ್ತಿ ತೆಗೆಯಬೇಡಿ. ರಿವೆಟ್‌ನ ನಡುವಿನಿಂದ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ ಎರಡರಷ್ಟು ದೂರ ಉಳಿಯಬೇಕು ಅನ್ನುವುದು ವಿಮಾನದ ತಗಡು ಕೆಲಸದ ಹಳೆಯ ನಿಯಮ. 3.2 ಮಿ.ಮೀ. ರಿವೆಟ್ ಇದ್ದರೆ 6.4 ಮಿ.ಮೀ. ಡ್ರಾಯಿಂಗ್‌ನಲ್ಲಿ ಅದಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಡ್ರಾಯಿಂಗ್‌ನ ಲೆಕ್ಕವೇ ಲೆಕ್ಕ.

ಇನ್ನು ನಿಮ್ಮ ಊರಿನ ವಿಷಯ. ಹೊಸೂರಿನ ಒಣ ಗಾಳಿಯಲ್ಲಿ ನಡೆಯುವುದು ಕುಂಬಳೆಯ ಕಡಲ ಗಾಳಿಯಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಕಾರಿನ ಬೀಡಿಂಗ್‌ನ ಒಳಗೆ ಹೆಚ್ಚಾಗಿ ಸ್ಟೀಲ್ ಪಟ್ಟಿ ಇರುತ್ತದೆ, ಅದೇ ಅಂಚನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವುದು. ಮಳೆಗಾಲದಲ್ಲಿ ಉಪ್ಪಿನ ತೇವ ಅದರೊಳಗೆ ಕೂತರೆ ಹೊರಗೆ ಹೋಗುವುದಿಲ್ಲ. ಸ್ಟೀಲು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದಾಗ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ನಿಮ್ಮದು ಆಲ್‌ಕ್ಲ್ಯಾಡ್, ಅಂದರೆ ಶುದ್ಧ ಅಲ್ಯೂಮಿನಿಯಂ ಪದರ ಹೊದಿಸಿದ ತಗಡಾಗಿದ್ದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆ ಪದರ ಇರುವುದು ಮೇಲೆ ಕೆಳಗೆ ಮಾತ್ರ, ಕತ್ತರಿಸಿದ ಅಂಚು ಬೆತ್ತಲೆ. ಆದ್ದರಿಂದ ನಯ ಮಾಡಿದ ಅಂಚಿಗೆ ಮೊದಲು ಎಪಾಕ್ಸಿ ಪ್ರೈಮರ್ ಹಚ್ಚಿ, ಪೂರ್ತಿ ಒಣಗಲು ಬಿಡಿ. ಬೀಡಿಂಗ್ ಆಮೇಲೆ. ಆದಷ್ಟು ಸ್ಟೀಲ್ ಇಲ್ಲದ್ದನ್ನೇ ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹಲವು ಥರದ ಬೀಡಿಂಗ್ ನೋಡಬಹುದು. ಒಂದು ಆಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗಿ, ಅಲ್ಲೇ ಗೊತ್ತಾಗುತ್ತದೆ. ಸ್ಟೀಲ್ ಪಟ್ಟಿ ದಿಕ್ಸೂಚಿಯ ಪಕ್ಕದಲ್ಲಿದ್ದರೆ ಅದರ ಮುಳ್ಳೂ ತಪ್ಪು ತೋರಿಸುತ್ತದೆ. ನಾನಾದರೆ ಸಿಲಿಕೋನ್ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚಿಗೆ ಕೂರಿಸುತ್ತೇನೆ. ಹಗುರ, ಬಿಸಿಲಿಗೆ ಒಡೆಯುವುದಿಲ್ಲ, ಕಿತ್ತು ಒಳಗೆ ನೋಡುವುದೂ ಸುಲಭ.

ಅಂಟಿನಲ್ಲೂ ಎಚ್ಚರ ಬೇಕು. ವಿನಿಗರ್ ವಾಸನೆ ಬರುವ ಸಿಲಿಕೋನ್ ಸೀಲಂಟ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನೇ ಕೇಳಿ ತಗೊಳ್ಳಿ. ಬೀಡಿಂಗ್ ನಿಲ್ಲುತ್ತಿಲ್ಲ ಅಂತ ಹೊಸ ತೂತು ಕೊರೆದು ಸ್ಕ್ರೂ ಹಾಕಲು ಹೋಗಬೇಡಿ. ಆ ಅಂಚು ವಿಮಾನದ ಬಾಡಿಯ ಭಾರ ಹೊರುವ ಭಾಗ. ಕಿಟ್ ವಿನ್ಯಾಸ ಮಾಡಿದವರನ್ನು ಕೇಳದೆ ಅಲ್ಲಿ ಒಂದು ತೂತೂ ಬೇಡ.

ಈಗ ಸ್ಪಂಜು. ನಿಮ್ಮ ಪ್ರಶ್ನೆಯಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಇದೇ. ಸೋಫಾಕ್ಕೆ ಹಾಕುವ ಮೆತ್ತನೆಯ ಫೋಮ್ ಮುಟ್ಟಲು ಹಿತವಾಗಿರುತ್ತದೆ. ತಲೆ ಬಂದು ಅಪ್ಪಳಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಒತ್ತಿಹೋಗುತ್ತದೆ, ಆಮೇಲೆ ತಲೆಗೆ ಸಿಗುವುದು ಅದೇ ತಗಡು. ಬೇಕಾಗಿರುವುದು ನಿಧಾನಕ್ಕೆ ಒತ್ತಿದರೆ ಮೆತ್ತಗೆ, ಜೋರಾಗಿ ಹೊಡೆದರೆ ಗಟ್ಟಿಯಾಗುವ ಫೋಮ್. ಇವತ್ತು ಹಾಸಿಗೆ ಅಂಗಡಿಯಲ್ಲಿ ಮೆಮೊರಿ ಫೋಮ್ ಅಂತ ಮಾರುವುದು ಹುಟ್ಟಿದ್ದೇ ವಿಮಾನದ ಸೀಟಿಗಾಗಿ. 1966ರಲ್ಲಿ ನಾಸಾದ ಏಮ್ಸ್ ಕೇಂದ್ರದ ಕೆಲಸಕ್ಕೆ ಚಾರ್ಲ್ಸ್ ಯೋಸ್ಟ್ ಮಾಡಿದ್ದು ಅದು. ಹಾಸಿಗೆಯದು ತೀರಾ ಮೆದು, ಅದು ಬೇಡ. ವಿಮಾನದ ಸೀಟಿಗೆ ಅಂತಲೇ ಬರುವ ಗಟ್ಟಿ ದರ್ಜೆಯ ಕಾನ್ಫರ್ ಫೋಮ್ (ಇದೇ ಜಾತಿಯ ಫೋಮಿನ ಒಂದು ಬ್ರ್ಯಾಂಡ್) ತರಿಸಿ. ಈ ಜಾತಿಯ ಫೋಮ್ ಬಿಸಿಯಾದಷ್ಟೂ ಮೆದುವಾಗುತ್ತದೆ, ನಿಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಅದಕ್ಕೇ ಗಟ್ಟಿ ದರ್ಜೆ ಅಂದೆ. ನೀರನ್ನೂ ಹೀರುತ್ತದೆ, ಹೊದಿಕೆ ಬೇಕೇ ಬೇಕು. ಕಾನ್ಫರ್ ಸಿಗದಿದ್ದರೆ ನೀರು ಕುಡಿಯದ ಕ್ಲೋಸ್ಡ್ ಸೆಲ್ ಫೋಮ್, ಗಟ್ಟಿಯಾದದ್ದು.

ಫೋಮ್ ಯಾವುದೇ ಇರಲಿ, ಕೆಳಗಿನ ಅಂಚು ಚೂಪಾಗಿದ್ದರೆ ಅದು ಫೋಮನ್ನೇ ಸೀಳುತ್ತದೆ. ಇನ್‌ಸ್ಟ್ರುಮೆಂಟ್ ಪ್ಯಾನೆಲ್ ಮೇಲಿನ ಅಂಚನ್ನು ಮಡಚಿಯೋ, ಅಲ್ಯೂಮಿನಿಯಂ ಕೊಳವೆ ಸೀಳಿ ಕೂರಿಸಿಯೋ ಅಗಲವಾಗಿ ದುಂಡಗೆ ಮಾಡಿ, ಅದರ ಮೇಲೆ ಫೋಮ್ ಸುತ್ತಿ. ಹೊಡೆತ ಅಗಲಕ್ಕೆ ಹರಡಿದರೆ ತಲೆ ಉಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಮೊದಲ ರಕ್ಷಣೆ ಹೆಗಲಿನ ಬೆಲ್ಟ್. ಆ ಬೆಲ್ಟ್ ಹಾದುಹೋಗುವ ತಗಡಿನ ತೂತುಗಳನ್ನು ಎಲ್ಲಕ್ಕಿಂತ ಮೊದಲು ನಯ ಮಾಡಿ. ಚೂಪು ಅಂಚು ಬೆಲ್ಟಿನ ಎಳೆಗಳನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತಿರುತ್ತದೆ.

ಫೋಮ್, ರೆಕ್ಸಿನ್, ಅಂಟು ಮೂರನ್ನೂ ಸೇರಿಸಿ ಒಂದು ತುಂಡು ಮಾಡಿಕೊಂಡು ಬಯಲಲ್ಲಿ ಬೆಂಕಿ ಹಿಡಿದು ನೋಡಿ. ದೊಡ್ಡ ವಿಮಾನಗಳ ಒಳಸಾಮಾನಿಗೆ ಅಮೆರಿಕದ ನಿಯಮದಲ್ಲಿ ಇರುವ ಒಂದು ಪರೀಕ್ಷೆ ಹೀಗಿದೆ: ನೇರ ನಿಲ್ಲಿಸಿದ ತುಂಡಿನ ಕೆಳಗೆ 12 ಸೆಕೆಂಡ್ ಜ್ವಾಲೆ, ತೆಗೆದ ಮೇಲೆ 15 ಸೆಕೆಂಡ್ ಒಳಗೆ ತಾನೇ ಆರಬೇಕು, ಸುಟ್ಟ ಉದ್ದ 8 ಇಂಚು ದಾಟಬಾರದು. ಮನೆಯಲ್ಲಿ ಮಾಡಿದ್ದು ಅಧಿಕೃತ ಪರೀಕ್ಷೆ ಆಗುವುದಿಲ್ಲ, ಆದರೆ ಕರಗಿ ಉರಿಯುತ್ತಾ ತೊಟ್ಟಿಕ್ಕುವ ಫೋಮನ್ನು ಮನೆಯಲ್ಲೇ ಗುರುತಿಸಬಹುದು. ಅಂಥದ್ದು ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡಿ.

ಸಣ್ಣಪುಟ್ಟದ್ದು: ಕೇಬಲ್ ಟೈ ಬಾಲ ಓರೆಯಾಗಿ ಕತ್ತರಿಸಿದರೆ ಬ್ಲೇಡೇ, ಫ್ಲಶ್ ಕಟರ್‌ನಲ್ಲಿ ಕತ್ತರಿಸಿ. ಬೋಲ್ಟ್ ಸಡಿಲವಾಗದಂತೆ ಸುತ್ತುವ ಸೇಫ್ಟಿ ವೈರ್‌ನ ತುದಿ ಒಳಕ್ಕೆ ಮಡಚಿ. ವೈರು ಹಾಯುವ ತೂತಿಗೆಲ್ಲ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ರಬ್ಬರ್ ಬಳೆ) ಹಾಕಿ.

ಎಲ್ಲ ಅಂಟಿಸಿದ ಮೇಲೆ ಇಬ್ಬರೂ ಕೂತು, ಬೆಲ್ಟ್ ಹಾಕಿಕೊಂಡು, ಸ್ಟಿಕ್ಕನ್ನು ನಾಲ್ಕೂ ಮೂಲೆಗೆ, ಪೆಡಲ್ಲನ್ನು ಎರಡೂ ಕೊನೆಗೆ, ಥ್ರಾಟಲ್ಲನ್ನು ಪೂರ್ತಿ ಒಳಗೆ ಹೊರಗೆ ಆಡಿಸಿ. ಎಲ್ಲೂ ಫೋಮ್ ತಾಗಬಾರದು. ಒಂದು ಮೂಲೆ ಕಿತ್ತು ಜೋತುಬಿದ್ದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತಲೂ ಯೋಚಿಸಿ, ಅಂಥ ಕಡೆ ಅಂಟಿನ ಜೊತೆ ಹೊಲಿಗೆಯೂ ಇರಲಿ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ವಿಂಡ್‌ಶೀಲ್ಡ್‌ನ ಪ್ಲಾಸ್ಟಿಕ್ ಅಕ್ರಿಲಿಕ್ಕಾ, ಪಾಲಿಕಾರ್ಬೊನೇಟಾ? ಪಾಲಿಕಾರ್ಬೊನೇಟ್ ಆದರೆ ಅದಕ್ಕೆ ಪಿವಿಸಿ ಬೀಡಿಂಗ್ ತಾಗಲೇಬಾರದು, ಪಿವಿಸಿಯಿಂದ ಒಸರುವ ಎಣ್ಣೆಯಂಥ ಅಂಶಕ್ಕೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಯಾವುದು ಅಂತ ತಿಳಿಸಿ, ಆ ಅಂಚಿಗೆ ಏನು ಹಾಕಬಹುದು ಅಂತ ಬರೆಯುತ್ತೇನೆ.