ಇಂಟರ್‌ಫೇಸ್ ಅಂದ್ರೆ ಜೀವಕೋಶಕ್ಕೆ ರೆಸ್ಟ್ ಟೈಮಾ?

ಇಂಟರ್‌ಫೇಸನ್ನ (ಅಂದ್ರೆ ಕೋಶ ಒಂದು ಸಲ ಇಬ್ಭಾಗ ಆಗಿ ಇನ್ನೊಂದು ಸಲ ಆಗೋವರೆಗಿನ ಹೊತ್ತನ್ನ) ವಿಶ್ರಾಂತಿ ಹಂತ ಅಂತ ನೋಟ್ಸಲ್ಲಿ ಬರೆಸ್ತಾರೆ, ಅಷ್ಟು ಹೊತ್ತು ಕೋಶ ನಿಜವಾಗ್ಲೂ ಸುಮ್ನೆ ಕೂತಿರುತ್ತಾ ಅಂತ ಕೇಳಿದೀರಿ. ಇಲ್ಲ, ದೊಡ್ಡ ಕೆಲಸ ಎಲ್ಲಾ ನಡೆಯೋದೇ ಆಗ. ಆ ಹೆಸರು ಇನ್ನೂ ಚಾಲ್ತಿಲಿ ಇರೋದು ನಂಗಂತೂ ಬೇಜಾರು.

ಆ ಹೆಸರು ಯಾಕೆ ಬಂತು ಅಂತ ನಂಗೆ ಅರ್ಥ ಆಗಿದ್ದು ಈರುಳ್ಳಿ ಬೇರಿನ ತುದಿಯ ಸ್ಲೈಡ್ ನೋಡಿದಾಗ. ಎಲ್ಲಿ ನೋಡಿದ್ರೂ ಬರೀ ದುಂಡಗಿನ ನ್ಯೂಕ್ಲಿಯಸ್ಸು, ದಾರದ ಥರ ಕ್ರೋಮೋಸೋಮ್ ಕಾಣೋ ಕೋಶ ಹುಡುಕೋಕೆ ಕಣ್ಣು ನೋವು ಬಂತು. 1882ರಲ್ಲಿ ಈ ಇಬ್ಭಾಗ ಆಗೋ ಹಂತಕ್ಕೆ ಮೈಟೋಸಿಸ್ ಅಂತ ಹೆಸರಿಟ್ಟ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಕಾಲದಲ್ಲೂ ಕಣ್ಣಿಗೆ ಕಾಣ್ತಿದ್ದಿದ್ದು ಆ ದಾರಗಳ ಓಡಾಟ ಅಷ್ಟೇ, ಉಳಿದಿದ್ದು ಕಾಣ್ತಿರ್ಲಿಲ್ಲ, ಕಾಣದೇ ಇದ್ದಿದ್ದಕ್ಕೆ ಏನೂ ನಡೀತಿಲ್ಲ ಅಂದ್ಕೊಂಡ್ರು. 1950ರ ದಶಕದ ಶುರುನಲ್ಲಿ ಆಲ್ಮಾ ಹೋವರ್ಡ್ ಮತ್ತೆ ಸ್ಟೀಫನ್ ಪೆಲ್ಕ್ ಅನ್ನೋರು ಅವರೆ ಜಾತಿಯ ಒಂದು ಗಿಡದ ಬೇರಿಗೆ ವಿಕಿರಣ ಸೂಸೋ ರಂಜಕ (ಫಾಸ್ಫರಸ್) ಕೊಟ್ಟು, ಅದು ಹೊಸ ಡಿಎನ್‌ಎಗೆ ಯಾವಾಗ ಸೇರುತ್ತೆ ಅಂತ ನೋಡಿದ್ರು. ಕೋಶ ಹೊಸ ಡಿಎನ್‌ಎ ಮಾಡ್ಕೊಳ್ತಿದ್ದಿದ್ದು ಇಂಟರ್‌ಫೇಸ್‌ನ ಮಧ್ಯದಲ್ಲೇ! ಜಿ1 (ಕಾಪಿಗೆ ಮುಂಚೆ), ಎಸ್ (ಡಿಎನ್‌ಎ ಕಾಪಿ ಆಗೋ ಹೊತ್ತು), ಜಿ2 (ಕಾಪಿ ಆದ್ಮೇಲೆ) ಅನ್ನೋ ಭಾಗಗಳು ಹುಟ್ಟಿದ್ದು ಅಲ್ಲಿಂದ.

ಲ್ಯಾಬಲ್ಲಿ ಬೆಳೆಸೋ ಮನುಷ್ಯನ ಕೋಶಕ್ಕೆ ಒಂದರಿಂದ ಎರಡಾಗೋ ಒಂದು ಪೂರ್ತಿ ಚಕ್ರ ಮುಗಿಸೋಕೆ ಹತ್ರ ಹತ್ರ 24 ಗಂಟೆ ಬೇಕು ಅಂದ್ಕೊಳಿ, ಅದ್ರಲ್ಲಿ ಮೈಟೋಸಿಸ್ ಒಂದು ಗಂಟೆ ಆಸುಪಾಸು ಅಷ್ಟೇ. ಎಸ್ ಹಂತಕ್ಕೇ ಸುಮಾರು 8 ಗಂಟೆ ಹೋಗುತ್ತೆ, ಯಾಕಂದ್ರೆ ಡಿಎನ್‌ಎಯ 600 ಕೋಟಿಗೂ ಹೆಚ್ಚು ಅಕ್ಷರ (ಅಂದ್ರೆ ಬೇಸ್ ಜೋಡಿ) ಕಾಪಿ ಆಗ್ಬೇಕು, ಕಾಪಿ ಮಾಡೋ ಯಂತ್ರದ ವೇಗ ಸೆಕೆಂಡಿಗೆ 50 ಅಕ್ಷರದ ಆಸುಪಾಸು, ಒಂದೇ ಕಡೆಯಿಂದ ಶುರು ಮಾಡಿದ್ರೆ ವರ್ಷಗಟ್ಲೆ ಹಿಡಿಯೋದು, ಅದಕ್ಕೇ ಸಾವಿರಾರು ಜಾಗದಲ್ಲಿ ಕೆಲಸ ಶುರುವಾಗುತ್ತೆ, ಆದ್ರೆ ಯಾವ ತುಂಡೂ ಎರಡು ಸಲ ಕಾಪಿ ಆಗ್ದಂಗೆ ಕಾವಲೂ ಇರುತ್ತೆ.

ಇಲ್ಲೊಂದು ವಿಷ್ಯ, ಪರೀಕ್ಷೆಲಿ ತುಂಬಾ ಜನ ಎಡವೋದು ಇಲ್ಲೇ. ಎಸ್ ಮುಗಿದ್ಮೇಲೆ ಡಿಎನ್‌ಎ ಡಬಲ್ ಆದ್ರೂ ಮನುಷ್ಯನ ಕೋಶದಲ್ಲಿ ಕ್ರೋಮೋಸೋಮ್ 46ಏ. ಎರಡೂ ಪ್ರತಿಗಳು ಕೊಹೀಸಿನ್ ಅನ್ನೋ ಪ್ರೋಟೀನಿಂದ ಅಂಟ್ಕೊಂಡಿರುತ್ತಲ್ಲ, ಜೋಡಿನ ಒಂದೇ ಅಂತ ಎಣಿಸ್ತೀವಿ.

ಇದರ ಜೊತೆಗೆ ತಪಾಸಣೆ ಬೇರೆ. ಜಿ1ನಲ್ಲಿ ಡಿಎನ್‌ಎಗೆ ಪೆಟ್ಟಾಗಿದ್ರೆ ಪಿ53 ಅನ್ನೋ ಪ್ರೋಟೀನು ಮುಂದಕ್ಕೆ ಬಿಡಲ್ಲ, ರಿಪೇರಿ ಆಗೋದಿಲ್ಲ ಅಂದ್ರೆ ಕೋಶಾನ ಸಾಯೋಕೂ ತಳ್ಳುತ್ತೆ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕೆಟ್ಟಿರೋದು ಈ ಪಿ53ನ ಜೀನೇ.

ರೆಸ್ಟ್ ಅನ್ನೋ ಪದ ಬೇಕೇ ಬೇಕು ಅಂದ್ರೆ ಜಿ0ಗೆ ಇಟ್ಕೊಳಿ, ಅದು ಚಕ್ರದಿಂದ ಆಚೆ ನಿಂತಿರೋ ಸ್ಥಿತಿ. ಅಲ್ಲೂ ರೆಸ್ಟ್ ಅಂದ್ರೆ ಇಬ್ಭಾಗ ಆಗೋದ್ರಿಂದ ಮಾತ್ರ. ನರಕೋಶ ಜಿ0ನಲ್ಲೇ ಇದ್ಕೊಂಡು ದಿನವಿಡೀ ಸಿಗ್ನಲ್ ಕಳಿಸ್ತಿರುತ್ತೆ, ಲಿವರ್ ಕೋಶಾನೂ ಜಿ0ನಲ್ಲೇ ಇರುತ್ತೆ, ಆದ್ರೆ ಲಿವರಿನ ಒಂದು ಭಾಗ ಕತ್ತರಿಸಿ ತೆಗೆದ್ರೆ ಉಳಿದ ಕೋಶಗಳು ವಾಪಸ್ ಜಿ1ಗೆ ಬಂದು ಮತ್ತೆ ಇಬ್ಭಾಗ ಆಗೋಕೆ ಶುರು ಮಾಡ್ತವೆ.