‘ಡಿಸಿಪ್ಲಿನ್’ ಎಂದರೆ ಶಿಸ್ತು ಮಾತ್ರವೇ?

‘ಡಿಸಿಪ್ಲಿನ್’ ಎಂದಿರುವಲ್ಲೆಲ್ಲ ‘ಶಿಸ್ತು’ ಎಂದು ಬರೆದರೆ ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. ಸಾಕಾಗುವುದಿಲ್ಲ. ಅನುವಾದಗಳನ್ನು ತಿದ್ದುವ ಕೆಲಸದಲ್ಲಿ ಈ ಪದವನ್ನು ನಾನೂ ಹಲವು ಸಲ ಎಡವಿದ್ದೇನೆ.

ಈ ಪದ ಹುಟ್ಟಿದ್ದು ಕಲಿಕೆಯಿಂದ. ಲ್ಯಾಟಿನ್ನಿನಲ್ಲಿ ‘ಡಿಸ್ಕೆರೆ’ ಎಂದರೆ ಕಲಿಯುವುದು, ‘ಡಿಸಿಪುಲುಸ್’ ಎಂದರೆ ಶಿಷ್ಯ, ಶಿಷ್ಯನಿಗೆ ದೊರೆಯುವ ಪಾಠವೇ ‘ಡಿಸಿಪ್ಲಿನಾ’. ದಂಡನೆಯ ಅರ್ಥ ಆಮೇಲೆ ಬಂದು ಸೇರಿಕೊಂಡಿತು. ಕ್ರೈಸ್ತ ಸಂನ್ಯಾಸಿಗಳು ಪ್ರಾಯಶ್ಚಿತ್ತಕ್ಕಾಗಿ ತಮ್ಮ ಬೆನ್ನಿಗೆ ತಾವೇ ಬಾರಿಸಿಕೊಳ್ಳುತ್ತಿದ್ದ ಚಾಟಿಗೂ ಇದೇ ಹೆಸರು ಬಿತ್ತು. ನಮ್ಮ ‘ಶಿಕ್ಷೆ’ಯ ಪಾಡೂ ಹೆಚ್ಚುಕಡಿಮೆ ಇದೇ. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಆರು ವೇದಾಂಗಗಳಲ್ಲಿ ಉಚ್ಚಾರಣೆಯನ್ನು ಕಲಿಸುವ ಅಂಗದ ಹೆಸರೂ ಅದೇ. ಕನ್ನಡದಲ್ಲಾದರೋ ‘ಶಿಕ್ಷಣ’ ತರಗತಿಯಲ್ಲಿ ಉಳಿಯಿತು, ‘ಶಿಕ್ಷೆ’ ನ್ಯಾಯಾಲಯಕ್ಕೆ ಹೋಯಿತು.

‘ಶಿಸ್ತು’ ಬೇರೆ ದಾರಿಯಿಂದ ಬಂದದ್ದು. ಅದು ಫಾರ್ಸಿ ಮೂಲದ ಪದ. ಮರಾಠಿಯಲ್ಲಿ ಕೋವಿಯಿಂದ ಗುರಿ ಹಿಡಿಯುವುದಕ್ಕೂ ‘ಶಿಸ್ತ’ ಎಂಬ ಮಾತಿದೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನು ಜಮೀನಿನ ಇಳುವರಿಯನ್ನು ನೋಡಿ ಗೊತ್ತುಪಡಿಸಿದ ಕಂದಾಯದ ಏರ್ಪಾಡು ‘ಶಿಸ್ತು’ ಎಂದೇ ಹೆಸರಾಯಿತು. ಇಂದಿಗೂ ‘ಶಿಸ್ತಾಗಿ ಬಟ್ಟೆ ತೊಟ್ಟು ಬಂದ’ ಎನ್ನುವಾಗ ನಾವು ಹೇಳುವುದು ಆತನ ಒಪ್ಪವನ್ನೇ ಹೊರತು ಸ್ವಭಾವವನ್ನಲ್ಲ. ಹೊರಗಿನಿಂದ ಕಣ್ಣಿಗೆ ಕಾಣುವ ಕ್ರಮವನ್ನು ಈ ಪದ ಚೆನ್ನಾಗಿ ಹೇಳುತ್ತದೆ. ಕಲಿಕೆಯ ವಾಸನೆ ಅದಕ್ಕೆ ಅಷ್ಟಾಗಿ ಇಲ್ಲ.

ತೊಡಕು ಶುರುವಾಗುವುದು ಇಲ್ಲಿಯೇ, ಏಕೆಂದರೆ ಇಂಗ್ಲಿಷಿನಲ್ಲಿ ಓದಿನ ಒಂದೊಂದು ವಿಷಯಕ್ಕೂ ‘ಡಿಸಿಪ್ಲಿನ್’ ಎನ್ನುತ್ತಾರೆ. ‘ಇವರು ಮೂರು ಶಿಸ್ತುಗಳಲ್ಲಿ ಪರಿಣತರು’ ಎಂಬ ವಾಕ್ಯವೊಂದು ಒಮ್ಮೆ ನನ್ನ ಮೇಜಿಗೆ ಬಂದಿತ್ತು. ಆ ವಿದ್ವಾಂಸರು ಮೂರು ಬಗೆಯ ಕವಾಯತು ಬಲ್ಲವರೇನೋ ಎಂಬಂತಿದ್ದ ಅದನ್ನು ‘ಮೂರು ಜ್ಞಾನಶಾಖೆಗಳಲ್ಲಿ’ ಎಂದು ತಿದ್ದಿದೆ. ವಿಶ್ವವಿದ್ಯಾಲಯಗಳಲ್ಲಿ ‘ಅಂತರ್‌ಶಿಸ್ತೀಯ ಅಧ್ಯಯನ’ ಎಂಬುದು ಬೇರೂರಿಬಿಟ್ಟಿದೆ; ನನಗೆ ಹಿಡಿಸದಿದ್ದರೂ ಈಗ ಅದನ್ನು ಕೀಳಲು ಹೋಗುವುದಿಲ್ಲ.

ಸೈನ್ಯಕ್ಕೆ, ಶಾಲೆಗೆ, ಕಚೇರಿಗೆ ‘ಶಿಸ್ತು’ ಧಾರಾಳವಾಗಿ ಒಪ್ಪುತ್ತದೆ. ನೌಕರನ ಮೇಲೆ ಜರುಗಿಸುವುದು ‘ಶಿಸ್ತುಕ್ರಮ’. ದಂಡನೆ ಎನ್ನದೆಯೇ ದಂಡನೆಯನ್ನು ಸೂಚಿಸುವ ಆ ಆಡಳಿತದ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಯಾರೂ ನೋಡದಿದ್ದಾಗಲೂ ನಸುಕಿನಲ್ಲೆದ್ದು ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ಕೂರುವ ಗಾಯಕಿಯದನ್ನು ‘ಸಾಧನೆ’ ಎನ್ನುವುದೇ ಲೇಸು, ನಾಲಿಗೆಯನ್ನೋ ಸಿಟ್ಟನ್ನೋ ಹತೋಟಿಯಲ್ಲಿಟ್ಟವನದು ‘ಸಂಯಮ’.

ಇನ್ನು ಮಗುವನ್ನು ‘ಡಿಸಿಪ್ಲಿನ್’ ಮಾಡುವುದು ಎಂಬ ಕ್ರಿಯಾಪದ. ‘ಶಿಸ್ತುಗೊಳಿಸು’ ಎಂದು ಕೆಲವರು ಬರೆಯುತ್ತಾರೆ, ಬಾಯಲ್ಲಿ ಮಾತ್ರ ಯಾರೂ ಹಾಗೆನ್ನುವುದಿಲ್ಲ. ನಾನು ‘ತಿದ್ದು’ ಎಂದು ಬರೆಯುತ್ತೇನೆ, ಏಕೆಂದರೆ ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ, ದೊಡ್ಡವರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯೋಡಿಸಿ ಅದನ್ನು ತನ್ನದಾಗಿಸಿಕೊಳ್ಳುವುದೂ ತಿದ್ದುವುದೇ.