ಮಾತ್ರೆ ಮುರಿಯುವ ಮುಂಚೆ ಡಾಕ್ಟರಿಗೆ ಹೇಳಿ

ಹರಿಹರದ ಅಕ್ಕನಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ನಿಮ್ಮ ತಮ್ಮನಿಗೆ 24 ವರ್ಷ. ಕಿವಿಯಲ್ಲಿ ಯಾರೋ ಬೈದ ಹಾಗೆ ಕೇಳುತ್ತಿತ್ತು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಎಂದು ಡಾಕ್ಟರು ರಾತ್ರಿಗೆ ಒಲಾಂಜಪಿನ್ 10 ಎಂಜಿ ಬರೆದರು. ದನಿ ನಿಂತಿತು, ಹುಡುಗ ಮತ್ತೆ ಅಂಗಡಿಗೆ ಹೋಗತೊಡಗಿದ. ಆದರೆ ಎಂಟು ತಿಂಗಳಲ್ಲಿ ತೂಕ 11 ಕೆಜಿ ಏರಿದೆ, ಬೆಳಿಗ್ಗೆ ಒಂಬತ್ತಾದರೂ ಏಳುವುದಿಲ್ಲ. ‘ಇದು ಬರೀ ನಿದ್ದೆ ಮಾತ್ರೆ, ಚಟ ಹಿಡಿಸುತ್ತೆ. ಬಿಡಿಸಿ, ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರ್ಕೊಂಡು ಹೋಗೋಣ’ ಎಂದರಂತೆ ಸೋದರಮಾವ. ಅಂದಿನಿಂದ ಎರಡು ವಾರ, ಅಮ್ಮ ಅರ್ಧ ಮಾತ್ರೆ ಕೊಡುತ್ತಿದ್ದಾರೆ. ತಮ್ಮ ಕೇಳಿದರೆ ‘ಡಾಕ್ಟರೇ ಕಮ್ಮಿ ಮಾಡಿದಾರೆ’ ಅನ್ನುತ್ತಾರೆ. ಏನೂ ತೊಂದರೆ ಆಗಿಲ್ಲ, ಹೀಗೇ ಬಿಡಿಸಬಹುದಾ ಎಂದು ಕೇಳಿದ್ದೀರಿ.

ಬೇಡ ಅಕ್ಕ. ಎರಡು ವಾರ ಏನೂ ಆಗಲಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಮಾತ್ರೆ ಕಮ್ಮಿಯಾದ ಕೂಡಲೇ ಈ ಕಾಯಿಲೆ ಮರಳುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮನೆಯವರು ಪೂರ್ತಿ ನಿಲ್ಲಿಸಿರುತ್ತಾರೆ. ಕಾಯಿಲೆ ಮರಳುವಾಗ ಹೆಚ್ಚಾಗಿ ಮೊದಲು ನಿದ್ದೆ ಕೆಡುತ್ತದೆ. ಆಮೇಲೆ ಸಂಶಯ, ಒಬ್ಬನೇ ಗೊಣಗುವುದು, ಸ್ನಾನ ಬಿಡುವುದು.

ಇದು ಬರೀ ನಿದ್ದೆ ಮಾತ್ರೆ ಅಲ್ಲ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಅಬ್ಬರವನ್ನು ತಗ್ಗಿಸುತ್ತದೆ. ಕುಡಿತದ ಹಾಗೆ ಚಟವನ್ನೂ ಹಿಡಿಸುವುದಿಲ್ಲ.

ತೂಕದ ಬಗ್ಗೆ ಮಾತ್ರ ನಿಮ್ಮ ದೂರು ನೂರಕ್ಕೆ ನೂರು ಸರಿ. ಈ ಗುಂಪಿನ ಮಾತ್ರೆಗಳಲ್ಲಿ ತೂಕ ಏರಿಸುವುದರಲ್ಲಿ ಒಲಾಂಜಪಿನ್, ಕ್ಲೋಜಪಿನ್ ಎರಡೂ ಮುಂದಿವೆ. ಊಟವಾಗಿ ಒಂದು ಗಂಟೆಯೊಳಗೆ ಮಂಡಕ್ಕಿ ಡಬ್ಬಿಗೆ ಕೈ ಹಾಕುತ್ತಾನೆ ಎಂದು ಬರೆದಿದ್ದೀರಿ. ಮಾತ್ರೆಯೇ ಹಸಿವು ಹೆಚ್ಚಿಸುತ್ತದೆ, ದಯವಿಟ್ಟು ಅವನನ್ನು ಬೈಯಬೇಡಿ. ಶುಗರ್, ಕೊಲೆಸ್ಟರಾಲ್ ಕೂಡ ಏರಬಹುದು. ಮಾತ್ರೆ ಶುರು ಮಾಡುವಾಗ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಆಗಬೇಕು. ಆಗಿಲ್ಲದಿದ್ದರೆ ನೀವೇ ಕೇಳಿ, ಸಂಕೋಚ ಬೇಡ. ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ನಂಥ ಮಾತ್ರೆಗಳಿವೆ. ಕೆಲವರಿಗೆ ತೂಕ ತಡೆಯಲು ಜೊತೆಗೆ ಶುಗರ್ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಕೊಡುತ್ತಾರೆ. ರಾತ್ರಿ ಹತ್ತು ಗಂಟೆಯ ಮಾತ್ರೆಯನ್ನು ಎಂಟು ಗಂಟೆಗೇ ಕೊಡಬಹುದಾ ಎಂದೂ ಕೇಳಿ. ಬೆಳಗಿನ ಮಂಪರು ಕಮ್ಮಿಯಾಗಬಹುದು.

ತಮ್ಮ ಬೀಡಿ ಸೇದುವ ವಿಷಯ ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದಿದೆ. ಡಾಕ್ಟರಿಗೆ ಅದನ್ನು ಮೊದಲು ಹೇಳಿ. ಬೀಡಿ ಹೊಗೆಯಿಂದ ಈ ಔಷಧಿ ಮೈಯಲ್ಲಿ ಬೇಗ ಕರಗಿಹೋಗುತ್ತದೆ. ಬೀಡಿ ಬಿಟ್ಟರೆ ಅದೇ 10 ಎಂಜಿ ಜಾಸ್ತಿಯಾಗಿ ಮಂಪರು ಏರಬಹುದು. ಬೀಡಿ ಬಿಡಲಿ, ಒಳ್ಳೆಯದೇ. ಆದರೆ ಡಾಕ್ಟರಿಗೆ ತಿಳಿಸಿಯೇ ಬಿಡಲಿ. ಕುಡಿತ ಈ ಮಾತ್ರೆಯ ಜೊತೆ ಬೇಡವೇ ಬೇಡ.

ನಮ್ಮ ದಾವಣಗೆರೆ ಸೀಮೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಇನ್ನೊಂದು ಎಚ್ಚರ ಬೇಕು. ಇಂಥ ಮಾತ್ರೆ ತೆಗೆದುಕೊಳ್ಳುವವರ ಮೈ ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ. ನೀರು ಜಾಸ್ತಿ ಕುಡಿಯಲಿ. ಜೋರು ಜ್ವರ ಬಂದು, ಕೈಕಾಲು ಮರದ ಹಾಗೆ ಸೆಟೆದು, ಮಾತು ತಡವರಿಸಿದರೆ ಬಿಸಿಲಿನ ಝಳ ಅಂದುಕೊಂಡು ಮನೆಯಲ್ಲಿ ಮಲಗಿಸಬೇಡಿ. ಮಾತ್ರೆಯಿಂದಲೇ ಹೀಗಾಗಬಹುದು. ತುಂಬಾ ಅಪರೂಪ, ಆದರೆ ಜೀವಕ್ಕೆ ಅಪಾಯ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ಎಂದು ಹೇಳಿ.

ಉಕ್ಕಡಗಾತ್ರಿ ಅಜ್ಜಯ್ಯನ ಹತ್ತಿರ ಹೋಗಿ ಬನ್ನಿ. ಬೇಡ ಅನ್ನುವುದಕ್ಕೆ ನಾನ್ಯಾರು? ಮಾತ್ರೆಯ ಚೀಟಿಯೂ ಜೊತೆಗೆ ಹೋಗಲಿ. ಹರಕೆ ಹೊತ್ತವರು ಮಾತ್ರೆ ಬಿಡಬೇಕು ಎಂದೇನೂ ಇಲ್ಲವಲ್ಲ.

ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಎಷ್ಟು ದಿನ ಅರ್ಧ ಕೊಟ್ಟಿರಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಸರಿದೂಗಿಸಲು ಒಂದೇ ಸಲ ಎರಡು ಮಾತ್ರೆ ಕೊಡಬೇಡಿ. ತಮ್ಮನನ್ನೂ ಕರೆದುಕೊಂಡು ಹೋಗಿ, ಅಮ್ಮ ಮಾಡಿದ್ದನ್ನು ಅವನಿಗೂ ಹೇಳಿ. ಸ್ವಲ್ಪ ಸಿಟ್ಟಾಗಬಹುದು. ಆದರೆ ಸುಳ್ಳು ತಾನಾಗೇ ಗೊತ್ತಾದರೆ ನಾಳೆ ಅಮ್ಮನ ಕೈಯಿಂದ ಮಾತ್ರೆಯನ್ನೇ ತೆಗೆದುಕೊಳ್ಳುವುದಿಲ್ಲ. ಅಲ್ಲಿವರೆಗೆ ಏನಾದರೂ ಕೇಳಬೇಕೆನಿಸಿದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

— ಸಂಪಾದಕ